ಸದ್ದು ತಗ್ಗಿಸುವ ಎರಡು ವಿಧಾನಗಳು

ವಯನಾಡಿನ ಬೆಟ್ಟಗಳ ನೀರು ಕಬಿನಿಯಾಗಿ ಹರಿದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರಿ, ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತದೆಯಷ್ಟೆ. ಅಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯಲು ಸಾಧ್ಯವಾದುದು ಪರಿವರ್ತಕದಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ. ಶಾಲೆಯ ಸ್ಪೀಕರಿನ ಸದ್ದನ್ನು ತಗ್ಗಿಸಲೂ ಇದೇ ಸಾಧನವು ಒದಗುತ್ತದೆ. ಇನ್ನೊಂದು ಸಾಧನ ರೋಧಕ, ಅಂದರೆ ರೆಸಿಸ್ಟರು. ಇವೆರಡರ ಭೇದವನ್ನು ವಿಚಾರಿಸೋಣ.

ರೋಧಕವು ಪ್ರವಾಹಕ್ಕೆ ಅಡ್ಡಿಯೊಡ್ಡಿ, ಶಕ್ತಿಯ ಒಂದು ಭಾಗವನ್ನು ಶಾಖವಾಗಿ ಕಳೆಯುತ್ತದೆ. ಫ್ಯಾನಿನ ಹಳೆಯ ರೆಗ್ಯುಲೇಟರು ಬಿಸಿಯಾಗುತ್ತಿದ್ದುದನ್ನು ಹಿರಿಯರು ಬಲ್ಲರು. ಪರಿವರ್ತಕವಾದರೋ ವೋಲ್ಟನ್ನು ಇಳಿಸಿ, ಅದಕ್ಕೆ ತಕ್ಕಂತೆ ಪ್ರವಾಹವನ್ನು ಏರಿಸುತ್ತದೆ, ನಷ್ಟವು ಅತ್ಯಲ್ಪ.

ಒಂದು ಲೆಕ್ಕ ಮಾಡೋಣ. ಆಂಪ್ಲಿಫಯರು 16 ವೋಲ್ಟು ಕೊಡುತ್ತಿದೆ. ಸ್ಪೀಕರು 8 ಓಮಿನದು. ನೇರವಾಗಿ ಜೋಡಿಸಿದರೆ ಸ್ಪೀಕರಿಗೆ 32 ವಾಟು ದೊರೆಯುವುದು. ನಡುವೆ 8 ಓಮಿನ ರೋಧಕವನ್ನು ಸೇರಿಸಿದರೆ ಪ್ರವಾಹವು 1 ಆಂಪಿಯರಿಗೆ ಇಳಿದು, ಸ್ಪೀಕರಿಗೆ 8 ವಾಟು ಸಲ್ಲುವುದು; ಆದರೆ ಇನ್ನೊಂದು 8 ವಾಟು ರೋಧಕದಲ್ಲಿ ಸುಟ್ಟುಹೋಗುವುದು. ವೋಲ್ಟನ್ನು ಅರ್ಧ ಮಾಡುವ ಪರಿವರ್ತಕವನ್ನಿಟ್ಟರೆ ಸ್ಪೀಕರಿಗೆ ಅದೇ 8 ವಾಟು ದೊರೆಯುವುದು. ಆಂಪ್ಲಿಫಯರು ಒದಗಿಸಬೇಕಾದುದು ಹೆಚ್ಚುಕಡಿಮೆ ಅಷ್ಟೇ.

ಆದುದರಿಂದಲೇ ಶಾಲೆಯ ಮೈದಾನಕ್ಕೂ ತರಗತಿಗಳಿಗೂ ಉದ್ದವಾದ ತಂತಿ ಎಳೆಯುವಾಗ 100 ವೋಲ್ಟಿನ ಪದ್ಧತಿಯನ್ನು ಅನುಸರಿಸುವುದುಂಟು. ಪ್ರತಿಯೊಂದು ಸ್ಪೀಕರಿನ ಬಳಿಯೂ ಚಿಕ್ಕ ಪರಿವರ್ತಕವಿರುತ್ತದೆ. ತಂತಿಯನ್ನು ಅದರ 10 ವಾಟಿನ ತುದಿಯಿಂದ 5 ವಾಟಿನ ತುದಿಗೆ ಬದಲಿಸಿದರೆ ಆ ಸ್ಪೀಕರಿನ ಸದ್ದು ಮಾತ್ರ ತಗ್ಗುವುದು. ವಾಟು ಅರ್ಧವಾದರೂ ಕಿವಿಗೆ ಸದ್ದು ಅರ್ಧವೆನಿಸದು, ತುಸುವೇ ಇಳಿದಂತೆ ಕೇಳಿಸುವುದು.

ಹಾಗಾದರೆ ರೋಧಕವು ನಿರುಪಯುಕ್ತವೆ? ಅಲ್ಲ. ಆಂಪ್ಲಿಫಯರಿನ ಮುಂಬದಿಯ ತಿರುಗುಗುಂಡಿಯಲ್ಲಿ ಸಾಮಾನ್ಯವಾಗಿ ಇರುವುದು ರೋಧಕವೇ. ಅಲ್ಲಿಗೆ ಬರುವ ಸಂಕೇತವು ಬಲು ಕ್ಷೀಣ. 10,000 ಓಮಿನ ರೋಧಕಕ್ಕೆ 1 ವೋಲ್ಟು ಬಿದ್ದರೆ ನಷ್ಟವಾಗುವುದು ಒಂದು ವಾಟಿನ ಹತ್ತು ಸಾವಿರದಲ್ಲೊಂದು ಭಾಗ ಮಾತ್ರ. ಬೆಲೆ ಕಡಿಮೆ, ಸದ್ದೂ ನಯವಾಗಿ ಏರಿಳಿಯುವುದು. ಧೂಳು ಸೇರಿದಾಗ ಕರಕರ ಶಬ್ದ ಬರುವುದೊಂದೇ ಕಿರುಕುಳ. ಪರಿವರ್ತಕವಾದರೋ ತೂಕವುಳ್ಳದ್ದು, ದುಬಾರಿಯಾದದ್ದು, ಮೆಟ್ಟಿಲು ಮೆಟ್ಟಿಲಾಗಿ ಮಾತ್ರ ಇಳಿಯತಕ್ಕದ್ದು.

ಶಕ್ತಿ ಅಲ್ಪವಾಗಿರುವೆಡೆ ರೋಧಕ, ಅಧಿಕವಾಗಿರುವೆಡೆ ಪರಿವರ್ತಕ ಎಂಬುದೇ ಇದರ ಸಾರ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಪುಸ್ತಕದಲ್ಲಿಯೇ ಮಾಡಿ ನೋಡತಕ್ಕದ್ದು. 100 ವೋಲ್ಟಿನ ತಂತಿಯು ಪ್ರಾಣಕ್ಕೆ ಅಪಾಯಕರವಾದುದರಿಂದ ಅದನ್ನು ಮುಟ್ಟಕೂಡದು.