ಮೊದಲ ಪಾಲಿಸಿಗೂ ಮೊದಲು

ವಿಮಾ ಏಜೆಂಟರಾಗಿ ಸ್ವಂತ ಕಾಲ ಮೇಲೆ ನಿಲ್ಲಲು ಹೊರಟಿದ್ದೀರಾ? ಐಸಿ-38 ಪರೀಕ್ಷೆ ಪಾಸಾದರೆ ಹೊಸ್ತಿಲು ದಾಟಿದಂತೆ, ಅಷ್ಟೇ. ನವೀಕರಣದ ಕಮಿಷನ್ ಕೈಗೂಡಲು ವರ್ಷಗಳೇ ಬೇಕು. ಮನೆಖರ್ಚಿಗೆ ಒಂದಷ್ಟು ಹಣ ತೆಗೆದಿಟ್ಟುಕೊಂಡೇ ಇಳಿಯಿರಿ.

ಗಿರಾಕಿಯ ಮೊದಲ ಕಂತನ್ನು ನಿಮ್ಮ ಕಮಿಷನ್ನಿನಿಂದ ಕಟ್ಟಿಕೊಡಬೇಡಿ. 1938ರ ವಿಮಾ ಕಾಯ್ದೆಯ 41ನೇ ಕಲಂ ಅದನ್ನು ನಿಷೇಧಿಸಿದೆ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಅರ್ಜಿಯಲ್ಲಿ ತಪ್ಪದೆ ಬರೆಸಿ. ಇಂದು ಮುಚ್ಚಿಟ್ಟದ್ದು ನಾಳೆ ಕ್ಲೇಮಿಗೇ ಮುಳುವಾದೀತು. ನಾಮಿನಿಯ ಹೆಸರು ಸರಿಯಿದೆಯೇ ಎಂದು ಎರಡೆರಡು ಸಲ ನೋಡಿ.

ಪಾಲಿಸಿದಾರರು ತೀರಿಕೊಂಡರೆ ಕರೆಯುವವರೆಗೆ ಕಾಯಬೇಡಿ. ಆ ಮನೆಗೆ ಹೋಗಿ, ಕ್ಲೇಮಿನ ಕಾಗದಪತ್ರ ನೀವೇ ನಿಂತು ಮಾಡಿಸಿಕೊಡಿ. ಊರು ನಿಮ್ಮನ್ನು ನಂಬುವುದು ಆ ದಿನದಿಂದಲೇ.