ಬಿಗಿದ ಮೈ, ಬೆದರಿದ ಮನಸ್ಸು



1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷವನ್ನು ನಮ್ಮ ಸೀಮೆ ಮರೆಯುವಂತಿಲ್ಲ. ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಜನರ ಮೇಲೆ ಕಿಲ್ಲಾರಿ, ಸಾಸ್ತೂರ ಭಾಗದ ಕಲ್ಲುಮಣ್ಣಿನ ಮನೆಗಳು ಕುಸಿದವು. ಸಾವಿರಾರು ಜೀವಗಳು ಹೋದವು. ಔರಾದ, ನಿಲಂಗಾ, ಉಮರ್ಗಾ ಕಡೆಯ ನಾವೆಲ್ಲ ಆ ದುಃಖದ ನೆರೆಯವರು.

ಅಂದು ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡುವ ಬಲ ಕೊಟ್ಟದ್ದು ಭಯವೇ. ಆದ್ದರಿಂದ ಭಯವೇ ವೈರಿಯಲ್ಲ. ಅಪಾಯ ಕಳೆದ ಮೇಲೂ ಅದು ಮೈಯಲ್ಲಿ ಉಳಿದರೆ ಮಾತ್ರ ಕಷ್ಟ. ಇಂಥ ಪೆಟ್ಟು ತಿಂದವರು ವರ್ಷಗಳ ನಂತರವೂ ಸಣ್ಣ ಸದ್ದಿಗೆ ಬೆಚ್ಚಿ ಏಳುವುದುಂಟು. ಮಳೆ ಕೈಕೊಟ್ಟಾಗ, ಸಾಲದ ಗಡುವು ಬಂದಾಗಲೂ ಹಾಗೆಯೇ ಎದೆ ಬಡಿಯುತ್ತದೆ, ಉಸಿರು ಗಿಡ್ಡವಾಗುತ್ತದೆ, ಹೆಗಲು ಬಿಗಿಯುತ್ತದೆ.

“ಹೆದರಬೇಡ” ಎಂದರೆ ಮೈ ಕೇಳುವುದಿಲ್ಲ. ಅದಕ್ಕೆ ಅದರದೇ ಭಾಷೆಯಲ್ಲಿ ಹೇಳಬೇಕು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಪ್ರಕಟಿಸಿದ ಪುಸ್ತಕದ ಸಾರ ಇಷ್ಟೇ: ಸ್ನಾಯು ಸಡಿಲವಾದಂತೆ ಮನಸ್ಸೂ ಸಡಿಲವಾಗುತ್ತದೆ. ನಮ್ಮ ಶವಾಸನದ ತಿಳಿವೂ ಇದೇ.

ಕಲಿಯುವ ಕ್ರಮ ಹೀಗಿದೆ:

1. ಚಾಪೆಯ ಮೇಲೆ ಅಂಗಾತ ಮಲಗಿರಿ. ಆಗದವರು ಗೋಡೆಗೆ ಒರಗಿ ಕೂಡಿರಿ.

2. ಮೂಗಿನಿಂದ ನಾಲ್ಕು ಎಣಿಸುತ್ತ ಉಸಿರು ಎಳೆದು, ಆರು ಎಣಿಸುತ್ತ ಬಿಡಿರಿ. ಹೊಟ್ಟೆ ಏರಿ ಇಳಿಯಲಿ. ಉಸಿರನ್ನು ನಿಧಾನವಾಗಿ ಬಿಟ್ಟಾಗ ಎದೆಬಡಿತವೂ ನಿಧಾನವಾಗುತ್ತದೆ.

3. ಪಾದಗಳನ್ನು ಐದು ಎಣಿಸುವವರೆಗೆ ಬಿಗಿಹಿಡಿದು, ಒಮ್ಮೆಲೇ ಸಡಿಲ ಬಿಡಿರಿ. ಇಪ್ಪತ್ತು ಎಣಿಸುವವರೆಗೆ ಆ ಹಗುರವನ್ನು ಗಮನಿಸಿರಿ. ಹೀಗೆಯೇ ತೊಡೆ, ಹೊಟ್ಟೆ, ಮುಷ್ಟಿ, ಹೆಗಲು, ಮುಖ. ನೋವಿದ್ದ ಭಾಗವನ್ನು ಬಿಗಿಯಬೇಡಿರಿ.

ದಿನಕ್ಕೆ ಹದಿನೈದು ನಿಮಿಷ ಸಾಕು. ಆದರೆ ನೆಮ್ಮದಿಯ ಹೊತ್ತಿನಲ್ಲಿ ಕಲಿಯಿರಿ. ಬಾವಿಗೆ ಬಿದ್ದ ಮೇಲೆ ಈಜು ಕಲಿಯಲಾಗದು. ಕಣ್ಣು ಮುಚ್ಚಿದಾಗ ಹಳೆಯ ದೃಶ್ಯ ನುಗ್ಗಿ ಬಂದರೆ ಕಣ್ಣು ತೆರೆದು, ನೆಲಕ್ಕೆ ಪಾದ ಊರಿ, ಸುತ್ತಲಿನವರನ್ನು ಮಾತನಾಡಿಸಿರಿ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ಇದೊಂದನ್ನೇ ನಂಬಿ ಕೂಡಬಾರದು. ವೈದ್ಯರನ್ನು ಕಾಣಬೇಕು. ಸರಕಾರದ ಟೆಲಿ ಮಾನಸ್ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಹಾಗೆ ಕೇಳುವುದರಲ್ಲಿ ನಾಚಿಕೆಯಿಲ್ಲ.

ಈ ಪಾಠದಿಂದ ಸಾಲ ತೀರದು, ಮಳೆಯೂ ಬಾರದು. ಆದರೆ ನಿದ್ದೆ ಮಾಡಿ ಎದ್ದವನಿಗೆ ದಾರಿ ಕಂಡೀತು. ಇಂದು ಮನೆಯ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು, ಅವರೊಡನೆ ಹತ್ತು ಉಸಿರು ಎಣಿಸೋಣ.