ಅಕ್ಷರದ ಅಂಚು: ಗಣಕಚಿತ್ರದಲ್ಲಿ ಕನ್ನಡ ಲಿಪಿಯ ನಯ

ಕನ್ನಡ ಲಿಪಿಯು ದುಂಡುಲಿಪಿಯೆಂಬುದು ಸರ್ವವಿದಿತ. ತಾಳೆಗರಿಯ ಮೇಲೆ ಕಂಟದಿಂದ ಬರೆಯುವಾಗ ನಾರಿನ ಗುಂಟ ಎಳೆದ ನೇರಗೆರೆಯು ಗರಿಯನ್ನು ಸೀಳುವುದರಿಂದ ಲಿಪಿಕಾರರು ಬಾಗುಗೆರೆಗಳನ್ನು ಆಶ್ರಯಿಸಿದರೆಂದು ಲಿಪಿಜ್ಞರು ಹೇಳುವುದುಂಟು. ಮಠಗಳ ಓಲೆಯ ಕಟ್ಟುಗಳಲ್ಲಿ ಉಳಿದುಬಂದ ವಚನಗಳಲ್ಲಿ ಅನೇಕವು 1923ರಲ್ಲಿ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರ ಸಾರ’ದ ಮೂಲಕ ಅಚ್ಚಿನ ಮೊಳೆಗೆ ಇಳಿದವು. ಇಂದು ಅದೇ ಅಕ್ಷರಗಳು ಗಣಕದ ಚಿತ್ರ ತಂತ್ರಾಂಶಗಳಲ್ಲಿ ಆಮಂತ್ರಣ, ಸನ್ಮಾನಪತ್ರ, ದಾನಿಗಳ ನಾಮಫಲಕಗಳಾಗಿ ರೂಪುಗೊಳ್ಳುತ್ತಿವೆ. ಗರಿಗೆ ನೇರಗೆರೆಯು ವೈರಿಯಾಗಿದ್ದರೆ ಗಣಕಕ್ಕೆ ಬಾಗುಗೆರೆಯೇ ತೊಡಕು.

ಗಣಕದ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಚೌಕಗಳ ಜಾಲ. ಧಾರವಾಡದ ಕಸೂತಿಯಲ್ಲಿ ಎಳೆಯೆಣಿಸಿ ಹಾಕಿದ ಗೋಪುರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಏರುವಂತೆ, ಇಲ್ಲಿ ‘ಠ’ಕಾರದ ದುಂಡೂ ಮೆಟ್ಟಿಲಾಗುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರವೇ ಆಂಟಿ-ಅಲಿಯಾಸಿಂಗ್. ಅಂಚಿನ ಚೌಕವೊಂದರಲ್ಲಿ ಅರ್ಧಭಾಗವನ್ನು ಮಾತ್ರ ಅಕ್ಷರವು ಆವರಿಸಿದ್ದರೆ, ಆ ಚೌಕಕ್ಕೆ ಪೂರ್ಣ ಕಪ್ಪನ್ನೂ ಕೊಡದೆ ಪೂರ್ಣ ಬಿಳುಪನ್ನೂ ಬಿಡದೆ, ನಡುವಣ ಬೂದುಬಣ್ಣವನ್ನು ತುಂಬುವುದು. ದೂರದಿಂದ ನೋಡುವ ಕಣ್ಣು ಆ ಬೂದನ್ನು ಗೆರೆಯ ಬಾಗೆಂದೇ ಗ್ರಹಿಸುತ್ತದೆ. ಇದು ಕಣ್ಣಿಗೆ ಮಾಡುವ ವಂಚನೆಯೇ ಸರಿ. ಆದರೆ ಸಾಧುವಾದ ವಂಚನೆ.

ಆದರೆ ಈ ನಯಕ್ಕೂ ಮಿತಿಯುಂಟು. ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ಅಂತರವೆಲ್ಲ ಬುಡದ ಒಂದು ಸೀಳುಗೆರೆ. ಸಣ್ಣ ಅಳತೆಯಲ್ಲಿ ಆ ಗೆರೆಯ ಅಗಲ ಒಂದು ಪಿಕ್ಸೆಲ್‌ಗಿಂತಲೂ ಕಡಿಮೆಯಾದಾಗ ಅದು ತಿಳಿಬೂದಾಗಿ ಕಾಗದದ ಬಿಳುಪಿನಲ್ಲಿ ಕರಗುತ್ತದೆ, ‘ಧನಸಹಾಯ’ವು ‘ದನಸಹಾಯ’ವಾಗುತ್ತದೆ. ಕೊಟ್ಟವರು ನಕ್ಕು ಸುಮ್ಮನಾಗಬಹುದು, ಹೆಸರೇ ಕೆಟ್ಟರೆ ನಗಲಾರರು. ಒತ್ತಕ್ಷರಗಳ ಗತಿಯೂ ಇದೇ. ಅಂಗುಲಕ್ಕೆ 72 ಪಿಕ್ಸೆಲ್‌ಗಳ ಚಿತ್ರದಲ್ಲಿ 12 ಪಾಯಿಂಟ್ ಅಕ್ಷರಕ್ಕೆ ದೊರೆಯುವ ಎತ್ತರ 12 ಚೌಕ ಮಾತ್ರ. ಗುಡಿಸು, ಮೂಲಾಕ್ಷರ, ಒತ್ತು ಮೂರೂ ಅಷ್ಟರಲ್ಲೇ ಅಡಕವಾಗಬೇಕು. 300 ಪಿಕ್ಸೆಲ್‌ಗಳ ಚಿತ್ರದಲ್ಲಾದರೋ 50 ಚೌಕಗಳು ಲಭ್ಯ. ಆದುದರಿಂದ ಅಚ್ಚಿಗೆ ಹೋಗುವ ಚಿತ್ರವನ್ನು ಆರಂಭದಲ್ಲಿಯೇ 300ಕ್ಕೆ ನಿಗದಿಮಾಡುವುದು ಯುಕ್ತ. ಚಿಕ್ಕದಾಗಿ ರಚಿಸಿ ಆಮೇಲೆ ಹಿಗ್ಗಿಸಿದರೆ ಇಲ್ಲದ ಗೆರೆಯು ಹುಟ್ಟಲಾರದು.

ಫೋಟೋಶಾಪ್‌ನಲ್ಲಿ ನನ್, ಶಾರ್ಪ್, ಕ್ರಿಸ್ಪ್, ಸ್ಟ್ರಾಂಗ್, ಸ್ಮೂತ್ ಎಂಬ ಆಯ್ಕೆಗಳುಂಟು. ‘ಸ್ಮೂತ್’ ಎಂಬ ಹೆಸರಿಗೆ ಮರುಳಾಗಿ ಎಲ್ಲೆಡೆಯೂ ಅದನ್ನೇ ಬಳಸುವುದು ರೂಢಿಯಾಗಿದೆ. ದೊಡ್ಡ ಶೀರ್ಷಿಕೆಗೆ ಅದು ಒಪ್ಪುತ್ತದೆ. ಸಣ್ಣಕ್ಷರದ ಕನ್ನಡಕ್ಕೆ ಗೆರೆಯನ್ನು ದಪ್ಪಗಾಣಿಸುವ ‘ಸ್ಟ್ರಾಂಗ್’ ಲೇಸು. ಉಚಿತವಾಗಿ ದೊರೆಯುವ ಗಿಂಪ್‌ನಲ್ಲಿ ಪಠ್ಯಸಾಧನದ ಜೊತೆಗೆ ಆಂಟಿ-ಅಲಿಯಾಸಿಂಗ್ ಗುರುತುಪೆಟ್ಟಿಗೆಯಿದೆ.

ಪಠ್ಯವನ್ನು ಕೊನೆಯವರೆಗೂ ಪಠ್ಯದ ಪದರವಾಗಿಯೇ ಉಳಿಸಿಕೊಳ್ಳಬೇಕು. ಚಿತ್ರವಾಗಿ ಕರಗಿಸಿದ ಮೇಲೆ ತಿದ್ದುಪಡಿ ಅಸಾಧ್ಯ. ಬಿಳಿಯ ಹಿನ್ನೆಲೆಯಲ್ಲಿ ನಯಗೊಂಡ ಅಕ್ಷರವನ್ನು ಕತ್ತರಿಸಿ ಕಾವಿಬಣ್ಣದ ಮೇಲಿಟ್ಟರೆ ಸುತ್ತಲೂ ಬಿಳಿಯಂಚು ಉಳಿಯುತ್ತದೆ. ಜೆಪೆಗ್ ಕಡತವು ಅಕ್ಷರದ ಸುತ್ತ ಕೊಳೆಯಂಥ ಚುಕ್ಕೆಗಳನ್ನೆಬ್ಬಿಸುವುದರಿಂದ ಪಿಎನ್‌ಜಿ ಮೇಲು. ಕಳುಹಿಸುವ ಮುನ್ನ ಚಿತ್ರವನ್ನು 100 ಪ್ರತಿಶತ ಅಳತೆಯಲ್ಲಿಟ್ಟು, ಹೆಸರುಗಳ ಒತ್ತು, ದೀರ್ಘ, ಅರ್ಕಾವೊತ್ತುಗಳನ್ನು ಮತ್ತೊಬ್ಬರಿಂದ ಗಟ್ಟಿಯಾಗಿ ಓದಿಸತಕ್ಕದ್ದು.